ಗುಣವಾಗದ ಬೇನೆಗೂ ಆರೈಕೆಯುಂಟು

ರೋಗವನ್ನು ವಾಸಿಮಾಡುವುದು ವೈದ್ಯಶಾಸ್ತ್ರದ ಒಂದು ಕರ್ತವ್ಯವಾದರೆ, ನೋವನ್ನು ಶಮನಗೊಳಿಸುವುದು ಅದರ ಇನ್ನೊಂದು ಕರ್ತವ್ಯ. ಮೊದಲನೆಯದು ಕೈಗೂಡದಿದ್ದಾಗ ಎರಡನೆಯದೂ ಮುಗಿಯಿತೆಂದು ಭಾವಿಸುವ ರೂಢಿ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. "ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂಬ ಮಾತು ಆಸ್ಪತ್ರೆಯ ಪಡಸಾಲೆಯಲ್ಲಿ ಎಷ್ಟೋ ಕುಟುಂಬಗಳ ಕಿವಿಗೆ ಬಿದ್ದಿದೆ. ಆ ಮಾತಿನ ನಂತರ ಬರುವ ದಿನಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳು ರೋಗಿಗೂ ಮನೆಯವರಿಗೂ ಅತ್ಯಂತ ಕಠಿಣವಾದವು. ಮಾಡಬೇಕಾದುದು ಬಹಳವಾಗಿ ಇರುವುದೂ ಆ ಅವಧಿಯಲ್ಲಿಯೇ.

ಈ ಅಂಕಣಕ್ಕೆ ಬಂದ ಓಲೆಯೊಂದು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಾಗಿದೆ. ಬರೆದವರು ಉತ್ತರ ಕರ್ನಾಟಕದ ಒಕ್ಕಲುತನದ ಮನೆಯ ಹಿರಿಯ ಮಗ. ಅವರ ತಾಯಿಯವರಿಗೆ ಆರು ವರ್ಷಗಳ ಹಿಂದೆ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ತರುವಾಯ ಆರೋಗ್ಯವಾಗಿದ್ದ ಆ ತಾಯಿಗೆ ಈಚೆಗೆ ಕೆಳದುಟಿ ಮತ್ತು ಗದ್ದದ ಒಂದು ಪಕ್ಕ ಜೋಮು ಹಿಡಿದಂತಾಯಿತು. ಹಲ್ಲಿನ ದೋಷವೆಂದು ತಿಳಿದು ಒಂದು ಹಲ್ಲನ್ನು ಕೀಳಿಸಿದರು, ಜೋಮು ಹೋಗಲಿಲ್ಲ. ಕೊನೆಗೆ ತಪಾಸಣೆಯಲ್ಲಿ ಹಳೆಯ ರೋಗವೇ ದವಡೆಯ ಮೂಳೆಗೆ ಹಬ್ಬಿರುವುದು ತಿಳಿದುಬಂತು. ಅವರು ಕೇಳಿರುವ ಪ್ರಶ್ನೆಗಳು ಮೂರು. ಎದೆಯ ರೋಗ ಗದ್ದಕ್ಕೆ ಬಂದುದು ಹೇಗೆ, ಹಲ್ಲು ಕೀಳಿಸಿದ್ದರಿಂದಲೇ ಹೀಗಾಯಿತೇ? ಈ ಸಂಗತಿಯನ್ನು ಅವ್ವನಿಗೆ ತಿಳಿಸಬೇಕೇ? ಇರುವ ಹೊಲದಲ್ಲಿ ಎರಡು ಎಕರೆ ಮಾರಿ ಅವ್ವನನ್ನು ಮುಂಬಯಿಗೆ ಕರೆದೊಯ್ಯಬೇಕೇ?

ಈ ಮೂರೂ ಒಂದೇ ಮನೆಯ ಪ್ರಶ್ನೆಗಳಲ್ಲ. ಆದುದರಿಂದ ಎಲ್ಲ ಓದುಗ ಬಂಧುಗಳಿಗೂ ಉಪಯೋಗವಾಗುವಂತೆ ತುಸು ವಿಸ್ತಾರವಾಗಿಯೇ ವಿವೇಚಿಸುವುದು ಉಚಿತ.

ಬೀಜ ಮತ್ತು ನೆಲ

ಕ್ಯಾನ್ಸರಿನ ಜೀವಕೋಶಗಳು ಹುಟ್ಟಿದ ಸ್ಥಳದಲ್ಲಿಯೇ ನಿಲ್ಲುವುದಿಲ್ಲ. ರಕ್ತದ ಮೂಲಕ, ದುಗ್ಧನಾಳಗಳ ಮೂಲಕ ದೇಹದ ಇತರ ಭಾಗಗಳಿಗೆ ಸಾಗುತ್ತವೆ. ಆದರೆ ಸಾಗಿದ ಕಡೆಯಲ್ಲೆಲ್ಲ ಅವು ಬೇರುಬಿಡಲಾರವು. ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಎಂಬಾತ 1889ರಲ್ಲಿಯೇ ಇದನ್ನು ಬೀಜ ಮತ್ತು ನೆಲದ ಹೋಲಿಕೆಯಿಂದ ವಿವರಿಸಿದನು. ಗಾಳಿಗೆ ತೂರಿದ ಬೀಜ ಎಲ್ಲ ದಿಕ್ಕಿಗೂ ಹಾರಿದರೂ ತನಗೆ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ. ಒಕ್ಕಲು ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಹುತೇಕ ಕ್ಯಾನ್ಸರುಗಳಿಗೆ ಒಗ್ಗುವ ನೆಲಗಳೆಂದರೆ ಶ್ವಾಸಕೋಶ, ಯಕೃತ್ತು, ಮೂಳೆ ಮತ್ತು ಮೆದುಳು. ಮೂಳೆಗಳಲ್ಲಿಯೂ ಬೆನ್ನುಮೂಳೆ, ಸೊಂಟ, ಪಕ್ಕೆಲುಬು, ತೊಡೆಯ ಮೂಳೆಗಳಿಗೆ ಹಬ್ಬುವುದು ಹೆಚ್ಚು. ಆದರೆ ಅಪರೂಪಕ್ಕೆ ಯಾರೂ ನಿರೀಕ್ಷಿಸದ ಸ್ಥಳಗಳಲ್ಲಿಯೂ ಅದು ತಲೆ ಎತ್ತುತ್ತದೆ. ಗದ್ದದ ಜೋಮು ಅಂತಹವುಗಳಲ್ಲಿ ಒಂದು. ಕೆಳದವಡೆಯೊಳಗೆ ಹಾದುಹೋಗುವ ನರವು ಗಂಟಿನ ಒತ್ತಡಕ್ಕೆ ಸಿಕ್ಕಿದಾಗ ಅದೇ ಪಕ್ಕದ ತುಟಿ ಮತ್ತು ಗದ್ದಕ್ಕೆ ಸ್ಪರ್ಶಜ್ಞಾನ ಕುಂದುತ್ತದೆ. ಸ್ತನದ ಕ್ಯಾನ್ಸರ್ ಮತ್ತು ದುಗ್ಧಗ್ರಂಥಿಗಳ ಕ್ಯಾನ್ಸರುಗಳಲ್ಲಿ ಇದು ಕಂಡುಬರುವುದುಂಟು. ಹಲ್ಲು ಕೀಳಿಸಿದ್ದರಿಂದ ರೋಗ ಬಂದುದಲ್ಲ. ರೋಗ ಮೊದಲೇ ಅಲ್ಲಿದ್ದುದರಿಂದ ಹಲ್ಲಿನ ಮೇಲೆ ಸಂಶಯ ಹುಟ್ಟಿತು. ಪತ್ರ ಬರೆದ ಮಗನೂ ಮನೆಯವರೂ ಈ ವಿಷಯದಲ್ಲಿ ತಮ್ಮನ್ನು ತಾವು ಹಳಿದುಕೊಳ್ಳಬೇಕಾಗಿಲ್ಲ.

ಅನಿರೀಕ್ಷಿತ ಸ್ಥಳಗಳು

ಇಂತಹ ಇನ್ನೂ ಕೆಲವು ಸ್ಥಳಗಳನ್ನು ಅರಿತಿರುವುದು ಒಳ್ಳೆಯದು.

ಬೆರಳಿನ ತುದಿ: ಶ್ವಾಸಕೋಶದ ಕ್ಯಾನ್ಸರ್ ಅಪರೂಪವಾಗಿ ಕೈಬೆರಳಿನ ತುದಿಮೂಳೆಗೆ ಹಬ್ಬುತ್ತದೆ. ಬೆರಳು ಕೆಂಪಾಗಿ ಊದಿ ಸಿಡಿಯುತ್ತದೆ. ನೋಡಿದವರೆಲ್ಲರೂ ಉಗುರುಸುತ್ತೆಂದೇ ತಿಳಿದು ನಿಂಬೆಹಣ್ಣು ಸಿಕ್ಕಿಸಿ ದಿನ ಕಳೆಯುತ್ತಾರೆ.

ಹೊಕ್ಕುಳು: ಜಠರ, ಕರುಳು, ಮೇದೋಜೀರಕ ಗ್ರಂಥಿ, ಅಂಡಾಶಯಗಳ ಕ್ಯಾನ್ಸರ್ ಹೊಕ್ಕುಳಲ್ಲಿ ಗಟ್ಟಿಯಾದ ಗಂಟಾಗಿ ಕಾಣಿಸಿಕೊಳ್ಳಬಹುದು. ಇದನ್ನು ಮೊದಲು ಗುರುತಿಸಿದ ಕೀರ್ತಿ ಅಮೆರಿಕದ ರಾಚೆಸ್ಟರಿನ ಸೇಂಟ್ ಮೇರೀಸ್ ಆಸ್ಪತ್ರೆಯ ದಾದಿ, ಸನ್ಯಾಸಿನಿ ಸಿಸ್ಟರ್ ಮೇರಿ ಜೋಸೆಫ್ ಅವರದು. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗಳ ಹೊಟ್ಟೆಯನ್ನು ಶುಚಿಗೊಳಿಸುತ್ತಿದ್ದ ಅವರು, ಹೊಕ್ಕುಳ ಗಂಟುಳ್ಳವರಲ್ಲಿ ರೋಗ ಒಳಗೆ ಬಹಳವಾಗಿ ಹಬ್ಬಿರುವುದನ್ನು ಗಮನಿಸಿ ಡಾ. ವಿಲಿಯಂ ಮೇಯೋ ಅವರ ಗಮನಕ್ಕೆ ತಂದರು. 1949ರಲ್ಲಿ ಆ ಗಂಟಿಗೆ ಅವರದೇ ಹೆಸರು ಬಂದಿತು. ಉಪಚರಿಸುವ ಕೈ ದೊಡ್ಡ ವೈದ್ಯರಿಗಿಂತಲೂ ಮೊದಲು ಸತ್ಯವನ್ನು ಮುಟ್ಟಬಲ್ಲದೆಂಬುದಕ್ಕೆ ಇದು ನಿದರ್ಶನ.

ಕಣ್ಣು: ಸ್ತನ ಮತ್ತು ಶ್ವಾಸಕೋಶದ ಕ್ಯಾನ್ಸರುಗಳು ಕಣ್ಣಿನ ಒಳಪದರಕ್ಕೆ ಹಬ್ಬಿ ದೃಷ್ಟಿಯನ್ನು ಮಂಜಾಗಿಸಬಹುದು. ವಯಸ್ಸಾದವರಲ್ಲಿ ಇದನ್ನು ಪೊರೆಯೆಂದು ತಿಳಿಯುವ ಸಂಭವ ಹೆಚ್ಚು.

ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ: ಇಲ್ಲಿಗೆ ರೋಗ ಹಬ್ಬಿದರೆ ತಡೆಯಲಾಗದ ಬಾಯಾರಿಕೆ, ಪದೇಪದೇ ಹೇರಳ ಮೂತ್ರವಿಸರ್ಜನೆ ಉಂಟಾಗುತ್ತವೆ. ಸಕ್ಕರೆ ಕಾಯಿಲೆಯೆಂದು ರಕ್ತ ಪರೀಕ್ಷಿಸಿದರೆ ಸಕ್ಕರೆ ಸರಿಯಾಗಿಯೇ ಇರುತ್ತದೆ.

ಹೃದಯದ ಹೊರಪೊರೆ: ಇಲ್ಲಿ ನೀರು ತುಂಬಿಕೊಂಡರೆ ಉಬ್ಬಸ, ತಲೆಸುತ್ತು, ಮೂರ್ಛೆ ಕಾಣಿಸುತ್ತವೆ.

ಚರ್ಮ ಮತ್ತು ನೆತ್ತಿ: ನೋವಿಲ್ಲದ ಗಟ್ಟಿ ಗಂಟುಗಳು ಏಳಬಹುದು, ಕೆಲವು ಒಡೆದು ಹುಣ್ಣಾಗುತ್ತವೆ.

ಇವಲ್ಲದೆ, ಸ್ತನ ಕ್ಯಾನ್ಸರಿನ ಒಂದು ಬಗೆಯು ಅನೇಕ ವರ್ಷಗಳ ನಂತರ ಜಠರದ ಗೋಡೆಗೆ ಹಬ್ಬಿ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತೆ ಮಾಡುವುದುಂಟು. ಮೂತ್ರಪಿಂಡದ ಕ್ಯಾನ್ಸರ್ ಹತ್ತು ವರ್ಷಗಳಾಚೆಗೂ ಥೈರಾಯ್ಡ್ ಗ್ರಂಥಿ, ಮೇದೋಜೀರಕ ಗ್ರಂಥಿಗಳಲ್ಲಿ ಕಾಣಿಸಿಕೊಂಡುದುಂಟು.

ಇದನ್ನು ಓದಿ ಯಾರೂ ಗಾಬರಿಗೊಳ್ಳಬಾರದು. ನೂರು ಉಗುರುಸುತ್ತುಗಳು ಬರಿಯ ಉಗುರುಸುತ್ತುಗಳೇ. ಮಂಜಾದ ಕಣ್ಣು ಸಾಮಾನ್ಯವಾಗಿ ಪೊರೆಯೇ. ಆದರೆ ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸದೊಂದು ತೊಂದರೆ ಎರಡು ಮೂರು ವಾರಗಳಾದರೂ ಹೋಗದಿದ್ದರೆ, ಯಾವ ವೈದ್ಯರ ಬಳಿ ಹೋದರೂ "ನನಗೆ ಹಿಂದೆ ಇಂತಹ ರೋಗವಿತ್ತು" ಎಂದು ಮೊದಲೇ ಹೇಳಬೇಕು. ಹಳೆಯ ಕಾಗದಪತ್ರಗಳ ಕಟ್ಟನ್ನು ಜೊತೆಯಲ್ಲಿ ಒಯ್ಯಬೇಕು. ಮರೆಮಾಚಿದ ಆ ಒಂದು ಮಾತಿನಿಂದ ತಿಂಗಳುಗಟ್ಟಲೆ ವ್ಯರ್ಥ ಚಿಕಿತ್ಸೆ ನಡೆದುಹೋಗುತ್ತದೆ.

ಉಪಶಮನ ಆರೈಕೆಯೆಂದರೇನು?

ಹೀಗೆ ಹಬ್ಬಿದ ರೋಗವನ್ನು ಬೇರುಸಹಿತ ಕೀಳುವುದು ಬಹುಪಾಲು ಸಂದರ್ಭಗಳಲ್ಲಿ ಸಾಧ್ಯವಾಗದು. ಆದರೆ ಅದು ಕೊಡುವ ಕಷ್ಟವನ್ನು ಕುಗ್ಗಿಸುವುದು ಬಹುಪಾಲು ಸಂದರ್ಭಗಳಲ್ಲಿ ಸಾಧ್ಯವಿದೆ. ಈ ವಿದ್ಯೆಗೆ ಪ್ಯಾಲಿಯೇಟಿವ್ ಕೇರ್, ಅಂದರೆ ಉಪಶಮನ ಆರೈಕೆ ಎಂದು ಹೆಸರು. ಮೊದಲು ದಾದಿಯಾಗಿದ್ದು ಅನಂತರ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು ಆರಂಭಿಸಿ ಇದಕ್ಕೆ ಶಾಸ್ತ್ರೀಯ ರೂಪ ಕೊಟ್ಟರು. ನೋವೆಂದರೆ ಶರೀರದ ನೋವು ಮಾತ್ರವಲ್ಲ. ಮನಸ್ಸಿನ ಭಯ, ಸಂಸಾರದ ಚಿಂತೆ, ಆತ್ಮದ ತಳಮಳ ಇವೆಲ್ಲವೂ ಸೇರಿದ ಒಟ್ಟು ನೋವೆಂಬುದು ಅವರ ಸಿದ್ಧಾಂತ. ಸಾಲದ ಚಿಂತೆಯಲ್ಲಿರುವ ತಂದೆಗೆ, ಮಗಳ ಮದುವೆ ನಿಂತುಹೋದ ತಾಯಿಗೆ ಮಾತ್ರೆಯೊಂದರಿಂದಲೇ ನೋವು ತಗ್ಗದಿರುವುದೇಕೆಂಬುದು ಇದರಿಂದ ವಿಶದವಾಗುತ್ತದೆ.

ನಮ್ಮ ದೇಶದಲ್ಲಿ 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಸದನವು ಇಂತಹ ಮೊದಲ ಆಶ್ರಯಧಾಮವಾಗಿ ಪ್ರಾರಂಭವಾಯಿತು. 1993ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಅವರು ಸಹೋದ್ಯೋಗಿಗಳೊಂದಿಗೆ ಕಟ್ಟಿದ ಸಂಸ್ಥೆಯು ಆರೈಕೆಯನ್ನು ರೋಗಿಯ ಮನೆಯ ಬಾಗಿಲಿಗೇ ಒಯ್ಯುವ ಮಾರ್ಗ ತೋರಿಸಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು ಹಾಸ್ಪೈಸ್ ಟ್ರಸ್ಟಿನ ಕರುಣಾಶ್ರಯವು 1999ರಿಂದ ರೋಗಿಗಳನ್ನು ಯಾವ ಶುಲ್ಕವನ್ನೂ ಪಡೆಯದೆ ನೋಡಿಕೊಳ್ಳುತ್ತ ಬಂದಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯೆಂದೇ ಜನರು ಅರಿತಿರುವ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿಯೂ ಈ ವಿಭಾಗವಿದೆ.

ಈ ಆರೈಕೆ ಕೊನೆಯ ಗಳಿಗೆಯಲ್ಲಿ ಮಾತ್ರ ಬೇಕಾದುದೆಂಬುದು ತಪ್ಪು ತಿಳಿವಳಿಕೆ. 2010ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯರು, ಹಬ್ಬಿದ ಶ್ವಾಸಕೋಶ ಕ್ಯಾನ್ಸರಿನ 151 ರೋಗಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಮಾಮೂಲು ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಉಪಶಮನ ಆರೈಕೆ ಪಡೆದವರ ದಿನಗಳು ಹೆಚ್ಚು ನೆಮ್ಮದಿಯಿಂದ ಕೂಡಿದ್ದವು. ಅಷ್ಟೇ ಅಲ್ಲ, ಅವರ ಆಯುಸ್ಸಿನ ಮಧ್ಯಾಂಕ 11.6 ತಿಂಗಳು, ಇನ್ನುಳಿದವರದು 8.9 ತಿಂಗಳು. ನೋವನ್ನು ಶಮನಮಾಡಿದರೆ ಆಯುಸ್ಸು ಕುಗ್ಗುವುದೆಂಬ ಭೀತಿಗೆ ಆಧಾರವಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಸ್ಥಳಕ್ಕೆ ತಕ್ಕ ಉಪಚಾರ

ಅಪರೂಪದ ಸ್ಥಳಕ್ಕೆ ಹಬ್ಬಿದೆಯೆಂದ ಮಾತ್ರಕ್ಕೆ ಉಪಾಯವಿಲ್ಲವೆಂದಲ್ಲ. ದವಡೆಯ ಮೂಳೆಗಾಗಲಿ ಬೆರಳಿನ ಮೂಳೆಗಾಗಲಿ ವಿಕಿರಣ ಚಿಕಿತ್ಸೆ ಕೊಟ್ಟರೆ, ನಮ್ಮ ಜನರ ಮಾತಿನಲ್ಲಿ ಕರೆಂಟು ಕೊಡಿಸಿದರೆ, ನೋವು ಗಣನೀಯವಾಗಿ ತಗ್ಗುತ್ತದೆ. ರೋಗವನ್ನು ಗುಣಪಡಿಸುವ ಉದ್ದೇಶದಿಂದ ಕೊಡುವಾಗ ಐದಾರು ವಾರಗಳ ಕಾಲ ನಿತ್ಯ ಹೋಗಬೇಕಾಗುವುದುಂಟು. ಮೂಳೆಯ ನೋವು ಶಮನವಾಗಲೆಂದು ಕೊಡುವಾಗ ಅನೇಕ ರೋಗಿಗಳಿಗೆ ಒಂದೇ ದಿನದ, ಒಂದೇ ಬಾರಿಯ ಚಿಕಿತ್ಸೆ ಸಾಕಾಗುತ್ತದೆ. ದೂರದ ಊರಿನಿಂದ ಬರುವವರು ಈ ಸಾಧ್ಯತೆಯನ್ನು ವೈದ್ಯರಲ್ಲಿ ಅವಶ್ಯವಾಗಿ ವಿಚಾರಿಸಬೇಕು. ನೋವಿನ ಇಳಿತ ಕಾಣಲು ಒಂದೆರಡು ವಾರ ಹಿಡಿಯಬಹುದಾದುದರಿಂದ ಅಲ್ಲಿಯವರೆಗೆ ಮಾತ್ರೆಗಳನ್ನು ನಿಲ್ಲಿಸಬಾರದು.

ಕಣ್ಣಿಗೆ ಹಬ್ಬಿದ ರೋಗದಲ್ಲಿ ಸಕಾಲದ ವಿಕಿರಣದಿಂದ ಅನೇಕರ ದೃಷ್ಟಿಯನ್ನು ಉಳಿಸಬಹುದು. ಬದುಕಿರುವಷ್ಟು ದಿನ ಮೊಮ್ಮಕ್ಕಳ ಮುಖ ಕಾಣುವುದೇನು ಅಲ್ಪ ಲಾಭವೇ? ಪಿಟ್ಯುಟರಿಯ ತೊಂದರೆಯಿಂದಾದ ಬಾಯಾರಿಕೆ ಮತ್ತು ಮೂತ್ರಬಾಧೆಗೆ ಡೆಸ್ಮೋಪ್ರೆಸಿನ್ ಎಂಬ ಔಷಧವಿದೆ. ರಾತ್ರಿಯೆಲ್ಲ ಎದ್ದು ಓಡಾಡುತ್ತಿದ್ದವರು ನಿದ್ರಿಸುವಂತಾಗುತ್ತಾರೆ. ಹೃದಯದ ಪೊರೆಯಲ್ಲಿ ತುಂಬಿದ ನೀರನ್ನು ಸೂಜಿಯಿಂದ ತೆಗೆದೊಡನೆ ಉಬ್ಬಸ ಇಳಿಯುತ್ತದೆ. ನರಕ್ಕೆ ಒತ್ತಡವಾಗಿ ಉರಿ, ಚುಚ್ಚು, ಜುಮುಜುಮು ಉಂಟಾದಾಗ ಸಾಮಾನ್ಯ ನೋವಿನ ಮಾತ್ರೆಗಳಿಗಿಂತ ನರಗಳಿಗೆಂದೇ ಇರುವ ಬೇರೆ ಔಷಧಗಳು ಹೆಚ್ಚು ಉಪಕಾರಿ. ಆದುದರಿಂದ "ನೋವು" ಎಂದಷ್ಟೇ ಹೇಳದೆ, ಅದು ಎಂತಹ ನೋವೆಂದು ಬಿಡಿಸಿ ಹೇಳಬೇಕು. ಜೋಮು ಹಿಡಿದ ತುಟಿಗೆ ಬಿಸಿ ತಿಳಿಯದಾದುದರಿಂದ ಚಹ, ಹಾಲು, ಗಂಜಿಗಳನ್ನು ಮನೆಯವರು ಮುಟ್ಟಿ ನೋಡಿ ಕೊಡಬೇಕು. ತುಟಿಯನ್ನು ಕಚ್ಚಿಕೊಂಡು ಗಾಯವಾಗಿದೆಯೇ ಎಂದು ದಿನವೂ ನೋಡಬೇಕು.

ಚರ್ಮದ ಹುಣ್ಣುಗಳ ವಿಷಯ ಇನ್ನೂ ಸೂಕ್ಷ್ಮ. ಒಡೆದ ಗಡ್ಡೆಯಿಂದ ಬರುವ ದುರ್ಗಂಧವು ರೋಗಿಯನ್ನು ಮನೆಯ ಮೂಲೆಗೆ ತಳ್ಳುತ್ತದೆ. ಬಂದವರು ಮೂಗು ಮುಚ್ಚಿಕೊಂಡುದನ್ನು ಕಂಡ ರೋಗಿ ಮತ್ತೆ ಯಾರ ಮುಖವನ್ನೂ ನೋಡಲೊಲ್ಲರು. ಈ ವಾಸನೆಗೆ ಕಾರಣ ಗಾಯದಲ್ಲಿ ಬೆಳೆಯುವ ಸೂಕ್ಷ್ಮಾಣುಗಳು. ಮೆಟ್ರೊನಿಡಜೋಲ್ ಎಂಬ ಅಗ್ಗದ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ, ವೈದ್ಯರ ಸಲಹೆಯಂತೆ, ಶುಚಿಮಾಡಿದ ಗಾಯದ ಮೇಲೆ ಉದುರಿಸಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಗಾಯವನ್ನು ಕಾಯಿಸಿ ಆರಿಸಿದ ಉಪ್ಪುನೀರಿನಿಂದ ಮೃದುವಾಗಿ ತೊಳೆಯಬೇಕು. ಅಂಟಿಕೊಂಡ ಬಟ್ಟೆಯನ್ನು ಎಂದೂ ಎಳೆಯಬಾರದು. ನೀರಿನಿಂದ ನೆನೆಸಿ ಬಿಡಿಸಬೇಕು. ಅರಿಸಿನ, ಸಗಣಿ, ಸೊಪ್ಪಿನ ರಸ, ಬೂದಿ ಇವೊಂದನ್ನೂ ಮೆತ್ತಬಾರದು. ನೊಣ ಕುಳಿತು ಹುಳುವಾದರೆ ಅದು ಪಾಪದ ಫಲವೂ ಅಲ್ಲ, ಮನೆಯವರ ಅಲಕ್ಷ್ಯವೇ ಎಂದೂ ಅಲ್ಲ. ದಾದಿಯರು ಅದನ್ನು ತೆಗೆಯಬಲ್ಲರು. ರಕ್ತ ಜಿನುಗುವ ಗಾಯವಿದ್ದರೆ ಗಾಢ ಬಣ್ಣದ ಟವೆಲುಗಳನ್ನು ಹತ್ತಿರ ಇಟ್ಟುಕೊಳ್ಳಿ. ಬಿಳಿಯ ಬಟ್ಟೆಯ ಮೇಲೆ ಹರಡುವ ಕೆಂಪು ರೋಗಿಯನ್ನು ಭಯಗೊಳಿಸುತ್ತದೆ.

ಮಾರ್ಫಿನ್ ಬಗೆಗಿನ ಭಯ

ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ಇಂದಿಗೂ ಮುಖ್ಯವಾದ ಔಷಧ. ಇದು ಅಫೀಮಿನಿಂದ ದೊರೆಯುವ ವಸ್ತು. ನಮ್ಮ ದೇಶದಲ್ಲಿ ಸರ್ಕಾರದ ಪರವಾನಿಗೆಯಿಂದ ಅಫೀಮು ಬೆಳೆಯುತ್ತಾರೆ. ಆದರೂ 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದಾಗಿ ನಮ್ಮದೇ ರೋಗಿಗಳಿಗೆ ಈ ಔಷಧ ಸಿಗುವುದು ದುರ್ಲಭವಾಗಿತ್ತು. 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವ ಕ್ರಮ ಸರಳವಾಯಿತು. ಸಾಮಾನ್ಯ ಔಷಧದಂಗಡಿಯಲ್ಲಿ ಸಿಗದಿದ್ದರೆ ನಿರಾಶರಾಗದೆ ಕ್ಯಾನ್ಸರ್ ಆಸ್ಪತ್ರೆಯಲ್ಲಾಗಲಿ ಉಪಶಮನ ಕೇಂದ್ರದಲ್ಲಾಗಲಿ ವಿಚಾರಿಸಬೇಕು.

ಚಟ ಹತ್ತೀತೆಂಬುದು ಮನೆಯವರ ಮೊದಲ ಭಯ. ವೈದ್ಯರು ಹೇಳಿದ ಪ್ರಮಾಣದಲ್ಲಿ ನೋವಿಗಾಗಿ ಕೊಡುವ ಮಾರ್ಫಿನ್‌ನಿಂದ ಕ್ಯಾನ್ಸರ್ ರೋಗಿಗಳು ಚಟಕ್ಕೆ ಬೀಳುವುದು ವಿರಳ. ಮಾರ್ಫಿನ್ ಕೊಟ್ಟರೆಂದರೆ ಸಾವು ಹತ್ತಿರವಾಯಿತೆಂಬುದು ಎರಡನೆಯ ಭಯ. ಇದೂ ನಿಜವಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಇದನ್ನು ಸೇವಿಸಿ ಮನೆಗೆಲಸ, ಅಂಗಡಿ, ಹೊಲದ ಮೇಲ್ವಿಚಾರಣೆ ನೋಡಿಕೊಂಡವರಿದ್ದಾರೆ. ನೆನಪಿಡಬೇಕಾದ ಸಂಗತಿಗಳು ಕೆಲವೇ. ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮುನ್ನ ಗಡಿಯಾರ ನೋಡಿ ಕೊಡಬೇಕು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆಗಳ ಕಾಲ ಮಾತ್ರ. ಮೊದಲ ಕೆಲವು ದಿನ ವಾಕರಿಕೆ, ತೂಕಡಿಕೆ ಇದ್ದು ಅನಂತರ ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ. ಆದುದರಿಂದ ಭೇದಿಯ ಔಷಧವನ್ನು ಮೊದಲ ದಿನದಿಂದಲೇ ಜೊತೆಯಲ್ಲಿ ಕೊಡಬೇಕು. ತಾನಾಗಿ ಪ್ರಮಾಣ ಏರಿಸುವುದಾಗಲಿ ಥಟ್ಟನೆ ನಿಲ್ಲಿಸುವುದಾಗಲಿ ಕೂಡದು. ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿಡಬೇಕು; ಉಳಿದುದನ್ನು ಕೊಟ್ಟ ಕೇಂದ್ರಕ್ಕೆ ಹಿಂದಿರುಗಿಸಬೇಕು.

ಪೂಜೆಯ ವೇಳೆಗೆ ಮಂಪರು ಇರಬಾರದೆಂದು ಕೆಲವು ಹಿರಿಯರು ಮುಂಜಾವಿನ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ನೋವಿನಿಂದ ನರಳುತ್ತ ಕುಳಿತರೆ ಚಿತ್ತ ನಿಲ್ಲುವುದಾದರೂ ಎಂತು? ವೈದ್ಯರಿಗೆ ತಿಳಿಸಿದರೆ ಮಾತ್ರೆಯ ವೇಳೆಯನ್ನು ಹೊಂದಿಸಿಕೊಡುತ್ತಾರೆ. ಎದೆಯ ಮೇಲಿನ ಗಾಯಕ್ಕೆ ಕರಡಿಗೆ ತಾಗಿ ನೋಯುತ್ತಿದ್ದರೆ, ಮನೆಯ ಗುರುಹಿರಿಯರನ್ನು ಕೇಳಿ ಶಿವದಾರವನ್ನು ಗಿಡ್ಡಮಾಡಿಕೊಳ್ಳಬಹುದು, ಇಲ್ಲವೆ ತೋಳಿಗೆ ಕಟ್ಟಿಕೊಳ್ಳಬಹುದು. ಇಂತಹ ಸಣ್ಣ ಸಂಗತಿಗಳನ್ನು ರೋಗಿ ತಾನಾಗಿ ಹೇಳಿಕೊಳ್ಳಲಾರರು; ಬಳಿಯಿದ್ದವರೇ ಅರಿತು ಕೇಳಬೇಕು.

ಹೇಳಬೇಕೇ, ಬೇಡವೇ?

ಪತ್ರದ ಎರಡನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದುದು. ಪ್ರೀತಿಯಿಂದಲೇ ನಾವು ರೋಗಿಯಿಂದ ಸತ್ಯವನ್ನು ಬಚ್ಚಿಡುತ್ತೇವೆ. ಆದರೆ ಹಾಸಿಗೆಯಲ್ಲಿರುವವರು ಮನೆಯವರ ಕಣ್ಣನ್ನು ಓದಬಲ್ಲರು. ಬಾಗಿಲ ಹೊರಗಿನ ಪಿಸುಮಾತು, ಅಕಾಲದಲ್ಲಿ ಬಂದಿಳಿದ ಹೆಣ್ಣುಮಕ್ಕಳು, ಅಡಗಿಸಿಟ್ಟ ಕಾಗದಗಳು ಅವರಿಗೆ ಎಲ್ಲವನ್ನೂ ತಿಳಿಸಿಬಿಟ್ಟಿರುತ್ತವೆ. ಮಕ್ಕಳಿಗೆ ದುಃಖವಾದೀತೆಂದು ತಾಯಿ ಕೇಳುವುದಿಲ್ಲ. ತಾಯಿಗೆ ದುಃಖವಾದೀತೆಂದು ಮಕ್ಕಳು ಹೇಳುವುದಿಲ್ಲ. ಒಂದೇ ಸೂರಿನಡಿಯಲ್ಲಿ ಇಬ್ಬರೂ ಒಂಟಿಯಾಗುತ್ತಾರೆ.

ಹಾಗೆಂದು ಒಮ್ಮೆಲೇ ಎಲ್ಲವನ್ನೂ ಹೇಳಿಬಿಡಬೇಕೆಂದಲ್ಲ. ಮೊದಲು ಅವರಿಗೆ ಏನು ತಿಳಿದಿದೆ, ಏನನ್ನು ತಿಳಿಯಲು ಇಚ್ಛೆಯಿದೆ ಎಂಬುದನ್ನು ಕೇಳಬೇಕು. "ಅವ್ವಾ, ಈ ಜೋಮು ಯಾಕ ಬಂದದ ಅಂತ ನಿನಗ ಏನನಿಸ್ತದ?" ಎಂದು ಕೇಳಿ ಸುಮ್ಮನೆ ಕುಳಿತರೆ ಅವರೇ ದಾರಿ ತೋರಿಸುತ್ತಾರೆ. ಅವರು ಕೇಳಿದಷ್ಟಕ್ಕೆ ಸುಳ್ಳಿಲ್ಲದ ಉತ್ತರ ಕೊಡಬೇಕು. ಕೇಳದುದನ್ನು ಮೇಲೆ ಹೇರಬಾರದು. ಕಾಲದ ಲೆಕ್ಕವನ್ನು ದಿನಗಳ ಸಂಖ್ಯೆಯಲ್ಲಿ ಹೇಳಲು ಯಾವ ವೈದ್ಯರಿಗೂ ಆಗದು. ಪ್ರತಿ ಮಾತಿನ ಕೊನೆಗೂ "ನೋವಾಗದಂತೆ ನೋಡಿಕೊಳ್ಳುತ್ತೇವೆ, ಬಿಟ್ಟುಹೋಗುವುದಿಲ್ಲ" ಎಂಬ ಭರವಸೆ ಇರಬೇಕು. ಸಾವಿಗಿಂತಲೂ ನರಳಾಟ ಮತ್ತು ಒಂಟಿತನಗಳಿಗೇ ಹೆಚ್ಚು ಅಂಜುವ ರೋಗಿಗಳು ಬಹಳ. ತಿಳಿದ ರೋಗಿಗೆ ತನ್ನ ಕಾರ್ಯಗಳನ್ನು ಪೂರೈಸಲು ಅವಕಾಶ ದೊರೆಯುತ್ತದೆ: ಮುನಿದ ತಮ್ಮನನ್ನು ಕರೆಸಿಕೊಳ್ಳುವುದು, ಒಡವೆಗಳನ್ನು ತನ್ನ ಕೈಯಾರೆ ಹಂಚುವುದು, ಮೆಚ್ಚಿದ ಜಾತ್ರೆಗೆ ಮತ್ತೊಮ್ಮೆ ಹೋಗಿಬರುವುದು.

ಹೊಲ ಮಾರುವ ಮುನ್ನ

ಮೂರನೆಯ ಪ್ರಶ್ನೆಗೆ ಹೌದು, ಅಲ್ಲ ಎಂಬ ಒಂದೇ ಉತ್ತರವಿಲ್ಲ. ಹಬ್ಬಿದ ರೋಗದಲ್ಲಿಯೂ, ವಿಶೇಷವಾಗಿ ಕೆಲವು ಬಗೆಯ ಸ್ತನ ಕ್ಯಾನ್ಸರುಗಳಲ್ಲಿ, ಹಾರ್ಮೋನು ಸಂಬಂಧದ ಮಾತ್ರೆಗಳು ಅನೇಕರಿಗೆ ದೀರ್ಘಕಾಲ ಉಪಕಾರ ಮಾಡುತ್ತವೆ. ಅವುಗಳಲ್ಲಿ ಕೆಲವು ದುಬಾರಿಯೂ ಅಲ್ಲ. ಆದುದರಿಂದ ಚಿಕಿತ್ಸೆಯೇ ವ್ಯರ್ಥವೆಂದು ಕೈಬಿಡುವುದು ತಪ್ಪು. ಹಾಗೆಯೇ, ದೂರದ ನಗರದಲ್ಲಿ ಪವಾಡ ಕಾದಿದೆಯೆಂದು ಹೊರಡುವುದೂ ತಪ್ಪು. ಚಿಕಿತ್ಸೆ ನೀಡುತ್ತಿರುವ ಕ್ಯಾನ್ಸರ್ ತಜ್ಞರ ಎದುರು ಕುಳಿತು ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಈ ಚಿಕಿತ್ಸೆಯ ಉದ್ದೇಶ ಗುಣಪಡಿಸುವುದೇ, ಆಯುಸ್ಸು ಹೆಚ್ಚಿಸುವುದೇ, ಕಷ್ಟ ಕಡಿಮೆ ಮಾಡುವುದೇ? ಇದರಿಂದ ಆಗುವ ತೊಂದರೆಗಳೇನು? ಇದೇ ಚಿಕಿತ್ಸೆ ಹತ್ತಿರದಲ್ಲಿ ದೊರೆಯುವುದಿಲ್ಲವೇ? ಮಾಡಿಸದಿದ್ದರೆ ಏನಾದೀತು? ಉತ್ತರಗಳನ್ನು ಕಾಗದದಲ್ಲಿ ಬರೆದುಕೊಂಡು ಬಂದು ಮನೆಯವರೆಲ್ಲರೂ ಕೂಡಿ, ರೋಗಿಯನ್ನೂ ಕೂಡಿಸಿಕೊಂಡು, ಆಲೋಚಿಸಬೇಕು. ಎರಡನೆಯ ಅಭಿಪ್ರಾಯ ಬೇಕಿದ್ದರೆ ಕಾಗದಪತ್ರಗಳನ್ನೂ ಸ್ಕ್ಯಾನ್ ಚಿತ್ರಗಳನ್ನೂ ಮಗನೊಬ್ಬನೇ ಒಯ್ದು ತೋರಿಸಿ ಬರಬಹುದು. ರೋಗಿಯನ್ನು ಹೊತ್ತು ಅಲೆಯಬೇಕಾಗಿಲ್ಲ. ಸರ್ಕಾರದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ನೆರವು ದೊರೆಯುವುದೇ ಎಂಬುದನ್ನು ಮೊದಲು ವಿಚಾರಿಸಿರಿ. ತನಗಾಗಿ ಮೊಮ್ಮಕ್ಕಳ ಅನ್ನದ ಹೊಲ ಹೋಯಿತೆಂಬ ಕೊರಗೂ ಒಂದು ನೋವೇ, ಅದಕ್ಕೆ ಮಾತ್ರೆಯಿಲ್ಲ.

ಕೊನೆಯ ಹಂತದಲ್ಲಿ ಕೃತಕ ಉಸಿರಾಟದ ಯಂತ್ರ ಮೊದಲಾದವು ಬೇಕೇ ಬೇಡವೇ ಎಂಬುದನ್ನು ಮುಂಚಿತವಾಗಿಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಮಾನ್ಯಮಾಡಿತು. 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಕಾರ್ಯರೂಪಕ್ಕೆ ತರುವ ಆದೇಶ ಹೊರಡಿಸಿತು. ಇದು ಆತ್ಮಹತ್ಯೆಯಲ್ಲ, ದಯಾಮರಣದ ಚುಚ್ಚುಮದ್ದೂ ಅಲ್ಲ. ಫಲವಿಲ್ಲದ ಯಂತ್ರಗಳ ನಡುವೆ ಬದಲಾಗಿ ತನ್ನವರ ನಡುವೆ ಸಹಜವಾಗಿ ಕಣ್ಣುಮುಚ್ಚುವ ಇಚ್ಛೆಗೆ ಕಾನೂನು ಕೊಟ್ಟ ಗೌರವ.

ಮನೆಯಲ್ಲಿ ಮಾಡಬೇಕಾದುದು

ನಡೆಯಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಹಾಸಿಗೆ ಹುಣ್ಣುಗಳನ್ನು ಬಹುಮಟ್ಟಿಗೆ ತಡೆಯಬಹುದು. ಬಾಯನ್ನು ದಿನಕ್ಕೆ ನಾಲ್ಕಾರು ಬಾರಿ ಒದ್ದೆ ಬಟ್ಟೆಯಿಂದ ಒರೆಸಿ ತುಟಿಗೆ ಎಣ್ಣೆ ಸವರಬೇಕು. ಉಬ್ಬಸವಿದ್ದರೆ ಒರಗಿಸಿ ಕೂರಿಸಿ, ಕಿಟಕಿ ತೆರೆದು, ಮುಖಕ್ಕೆ ಗಾಳಿ ತಾಗುವಂತೆ ಬೀಸಣಿಗೆಯಿಂದ ಬೀಸಿರಿ. ಇದು ಎಷ್ಟು ಸರಳವೋ ಅಷ್ಟೇ ಪರಿಣಾಮಕಾರಿ. ಊಟ ಸೇರದಿದ್ದರೆ ತಟ್ಟೆ ತುಂಬ ಬಡಿಸದೆ, ಬಟ್ಟಲಲ್ಲಿ ಎರಡು ಚಮಚ ಅಂಬಲಿ, ಮೆತ್ತನೆಯ ಅನ್ನ, ಮಜ್ಜಿಗೆಗಳನ್ನು ಅವರು ಬೇಡಿದಾಗ ಕೊಡಿರಿ. ಕೊನೆಯ ದಿನಗಳಲ್ಲಿ ಹಸಿವು ತಾನಾಗಿ ಅಡಗುತ್ತದೆ. ಊಟ ಬಿಟ್ಟುದರಿಂದ ಸಾವು ಬರುವುದಲ್ಲ. ಸಾವು ಸಮೀಪಿಸಿದುದರಿಂದ ದೇಹ ಊಟವನ್ನು ಬಿಡುತ್ತದೆ. ಆಗ ಒತ್ತಾಯದಿಂದ ಬಾಯಿಗೆ ತುರುಕಿದರೆ ಅದು ಉಸಿರಿನ ದಾರಿಗಿಳಿದು ಹಿಂಸೆಯಾಗುತ್ತದೆ.

ಕೆಲವು ಸಂದರ್ಭಗಳಲ್ಲಿ ಮಾತ್ರ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬೆನ್ನುನೋವಿನೊಂದಿಗೆ ಕಾಲುಗಳ ಶಕ್ತಿ ಕುಂದುವುದು ಅಥವಾ ಮಲಮೂತ್ರಗಳ ಹಿಡಿತ ತಪ್ಪುವುದು, ಒಮ್ಮೆಲೇ ಕಣ್ಣು ಕಾಣದಾಗುವುದು, ಮುಖ ಮತ್ತು ಕೊರಳು ಊದಿ ಉಸಿರು ಕಟ್ಟುವುದು, ನಿಲ್ಲದ ರಕ್ತಸ್ರಾವ, ವಿಪರೀತ ಬಾಯಾರಿಕೆಯೊಂದಿಗೆ ಮಂಕು ಕವಿಯುವುದು ಇವು ಅಂತಹ ಲಕ್ಷಣಗಳು. ಬೆನ್ನುಹುರಿಗೆ ಒತ್ತಡವಾದಾಗ ಒಂದೆರಡು ದಿನ ತಡವಾದರೂ ಕಾಲುಗಳು ಶಾಶ್ವತವಾಗಿ ಹೋಗಬಹುದು. ಬೇಗ ಚಿಕಿತ್ಸೆ ದೊರೆತವರು ನಡೆದಾಡುತ್ತಿರುತ್ತಾರೆ.

ಆರೈಕೆ ಮಾಡುವವರಿಗೂ ಆರೈಕೆ

ಕಡೆಯದಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ಈ ಸೇವೆಯ ಹೊರೆಯೆಲ್ಲವೂ ಸಾಮಾನ್ಯವಾಗಿ ಒಬ್ಬ ಹೆಣ್ಣುಮಗಳ ಹೆಗಲಿಗೆ, ಸೊಸೆಗೋ ಮಗಳಿಗೋ ಹೆಂಡತಿಗೋ ಬೀಳುತ್ತದೆ. ರಾತ್ರಿಯ ನಿದ್ರೆ, ಹೊತ್ತಿನ ಊಟಗಳೆರಡೂ ಇಲ್ಲದೆ ಆಕೆ ಸವೆಯುತ್ತಾಳೆ. ಬಂದ ನೆಂಟರು ಆಕೆಗೆ ಬುದ್ಧಿವಾದ ಹೇಳುವುದಕ್ಕೆ ಬದಲಾಗಿ ಒಂದು ರಾತ್ರಿ ತಾವು ಎಚ್ಚರವಿದ್ದು ಆಕೆಯನ್ನು ಮಲಗಿಸಲಿ. ಕೇರಳದ ಹಳ್ಳಿಗಳಲ್ಲಿ ನೆರೆಹೊರೆಯವರೇ ತರಬೇತಿ ಪಡೆದು ವಾರಕ್ಕೆ ಕೆಲವು ಗಂಟೆಗಳನ್ನು ರೋಗಿಗಳ ಮನೆಗಳಿಗೆ ಮೀಸಲಿಟ್ಟರು. 2008ರಲ್ಲಿ ಆ ರಾಜ್ಯ ಉಪಶಮನ ಆರೈಕೆಗೆಂದೇ ಒಂದು ನೀತಿಯನ್ನು ರೂಪಿಸಿತು. ಅಲ್ಲಿ ಆದುದು ಇಲ್ಲಿ ಆಗಬಾರದೇಕೆ? ದಾಸೋಹದ ಪರಂಪರೆಯುಳ್ಳ ನಮ್ಮ ಊರುಗಳಲ್ಲಿ ಅನ್ನಕ್ಕೆ ಕೊರತೆಯಾದವರನ್ನು ಯಾರೂ ಹಾಗೆಯೇ ಬಿಡುವುದಿಲ್ಲ. ನೋವಿನಲ್ಲಿರುವವರನ್ನೂ ಹಾಗೆ ಬಿಡಬಾರದು.

ಪ್ರತಿ ಊರಿನಲ್ಲಿ ಐದಾರು ಮಂದಿ ಯುವಕ ಯುವತಿಯರು, ನಿವೃತ್ತ ದಾದಿಯರು, ಶಿಕ್ಷಕರು ಒಂದಾಗಿ, ಹತ್ತಿರದ ಆಸ್ಪತ್ರೆಯ ವೈದ್ಯರ ಮಾರ್ಗದರ್ಶನದಲ್ಲಿ ಗಾಯ ತೊಳೆಯುವುದನ್ನೂ ಮಗ್ಗುಲು ಬದಲಿಸುವುದನ್ನೂ ಕಲಿಯಲಿ. ಊರಿನಲ್ಲಿ ಹಾಸಿಗೆ ಹಿಡಿದವರು ಯಾರಿದ್ದಾರೆಂಬುದನ್ನು ವಿಚಾರಿಸಿ ವಾರಕ್ಕೊಮ್ಮೆಯಾದರೂ ಆ ಮನೆಯ ಹೊಸ್ತಿಲು ದಾಟಲಿ. ಹೋದಾಗ ಮೂಗು ಮುಚ್ಚಿಕೊಳ್ಳದೆ, ದೂರದ ಕುರ್ಚಿಯಲ್ಲಿ ಕೂರದೆ, ಹಾಸಿಗೆಯ ಅಂಚಿನಲ್ಲಿ ಕುಳಿತು ರೋಗಿಯ ಕೈ ಹಿಡಿದುಕೊಳ್ಳಲಿ. ಹಾಗೆ ಕಲಿತು ಹೋಗುವ ಒಬ್ಬರು ಪ್ರತಿ ಓಣಿಯಲ್ಲಿಯೂ ದೊರೆತರೆ, ಮಾಡುವುದೇನೂ ಉಳಿದಿಲ್ಲವೆಂಬ ಮಾತನ್ನು ಹೊತ್ತುಕೊಂಡು ಯಾವ ಕುಟುಂಬವೂ ಆಸ್ಪತ್ರೆಯಿಂದ ಬರಿಗೈಯಲ್ಲಿ ಮರಳಬೇಕಾಗುವುದಿಲ್ಲ.